ಆಕ್ಷೇಪಣೆ ಎಲ್ಲಿಗೆ ಹೋಯಿತು: ನಗರ ಯೋಜನೆಯಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಮೌಲ್ಯಮಾಪನ ಮಾಡುವ ಕ್ರಮ

‘ಸಾರ್ವಜನಿಕರ ಅಭಿಪ್ರಾಯ ಪಡೆದು ಯೋಜನೆಯನ್ನು ಅಂತಿಮಗೊಳಿಸಲಾಗಿದೆ’ ಎಂಬ ಸಾಲು ಇಲ್ಲದ ನಗರ ಯೋಜನಾ ವರದಿ ಈಗ ಅಪರೂಪ. ಆ ಸಾಲಿನ ಕೆಳಗೆ ನಡೆದ ಸಭೆಗಳ ಸಂಖ್ಯೆ, ಬಂದ ಅರ್ಜಿಗಳ ಸಂಖ್ಯೆ ಮತ್ತು ವೇದಿಕೆಯ ಒಂದೆರಡು ಫೋಟೊ ಇರುತ್ತವೆ. ಅವೆಲ್ಲ ನಿಜವೇ ಆಗಿದ್ದರೂ, ಜನ ಹೇಳಿದ್ದರಿಂದ ನಕ್ಷೆಯಲ್ಲಿ ಒಂದು ಗೆರೆಯಾದರೂ ಸರಿಯಿತೇ ಎಂಬುದನ್ನು ಅವು ತಿಳಿಸುವುದಿಲ್ಲ. ಅದನ್ನು ತಿಳಿಯಲು ಬಯಸುವ ನಿವಾಸಿಗಳ ಸಂಘ, ಪತ್ರಕರ್ತರು, ಯೋಜನಾ ಶಾಸ್ತ್ರದ ವಿದ್ಯಾರ್ಥಿಗಳು ಅಥವಾ ವಾರ್ಡ್ ಸಮಿತಿಯ ಸದಸ್ಯರು ಯಾವ ಕ್ರಮದಲ್ಲಿ ಕೆಲಸ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು. ಆದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇಡೀ ರಾಜ್ಯಕ್ಕೆ ಅನ್ವಯಿಸುವುದರಿಂದ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದವರೂ ಇದೇ ದಾರಿಯಲ್ಲಿ ಹೋಗಬಹುದು.

ಪ್ರಶ್ನೆಯನ್ನು ಚಿಕ್ಕದಾಗಿಸಿಕೊಳ್ಳಿ

‘ಪಾಲ್ಗೊಳ್ಳುವಿಕೆ ಹೇಗಿತ್ತು?’ ಎಂದು ಹೊರಟರೆ ಕೆಲಸ ಮುಗಿಯುವುದಿಲ್ಲ. ಯಾವ ಯೋಜನೆ, ಅದರ ಯಾವ ಹಂತ, ನಗರದ ಯಾವ ಭಾಗ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಒಂದು ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡಿಗೆ ಬಂದ ಆಕ್ಷೇಪಣೆಗಳು, ಒಂದು ರಸ್ತೆ ಅಗಲೀಕರಣ, ಒಂದು ವಾರ್ಡ್ ಸಮಿತಿಯ ಎರಡು ವರ್ಷದ ನಡಾವಳಿ, ಒಂದು ಭೂ ಉಪಯೋಗ ಬದಲಾವಣೆ: ಇವುಗಳಲ್ಲಿ ಯಾವುದನ್ನಾದರೂ ಒಂದನ್ನು ಆರಿಸಿಕೊಂಡರೆ ಸಾಕು. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಮುಂದಿಟ್ಟ ಎಂಟು ಮೆಟ್ಟಿಲುಗಳ ಏಣಿಯನ್ನು ಯೋಜನಾ ಶಾಸ್ತ್ರ ಓದಿದವರೆಲ್ಲ ಬಲ್ಲರು. ಜನರನ್ನು ಮರುಳುಮಾಡುವುದರಿಂದ ಹಿಡಿದು ಅಧಿಕಾರವನ್ನೇ ಅವರ ಕೈಗೆ ಕೊಡುವವರೆಗೆ ಅದು ಹಂತಗಳನ್ನು ಗುರುತಿಸುತ್ತದೆ. ಚರ್ಚೆಗೆ ಅದು ಒಳ್ಳೆಯ ಭಾಷೆ ಒದಗಿಸಿದೆಯಾದರೂ, ಇಡೀ ಯೋಜನೆಯನ್ನು ಒಂದು ಮೆಟ್ಟಿಲ ಮೇಲೆ ಕೂರಿಸುವ ಅಭ್ಯಾಸ ನನಗೆ ಒಪ್ಪಿತವಲ್ಲ. ಉದ್ಯಾನದ ವಿಷಯದಲ್ಲಿ ಮನಃಪೂರ್ವಕವಾಗಿ ಕಿವಿಗೊಟ್ಟ ಪ್ರಾಧಿಕಾರವೇ ವರ್ತುಲ ರಸ್ತೆಯ ವಿಷಯದಲ್ಲಿ ಬಾಗಿಲು ಮುಚ್ಚಿಕೊಂಡಿರಬಹುದು.

ಜೊತೆಗೆ, ಯೋಜನಾ ಪ್ರಾಧಿಕಾರ ಯಾವುದು ಎಂಬುದನ್ನು ಅಧಿಸೂಚನೆ ನೋಡಿಯೇ ಖಚಿತಪಡಿಸಿಕೊಳ್ಳಿ. ಬೆಂಗಳೂರಿನಲ್ಲಿ 2025ರಲ್ಲಿ ಆಡಳಿತದ ಸ್ವರೂಪವೇ ಬದಲಾಗಿ ಒಂದು ಪಾಲಿಕೆಯ ಜಾಗದಲ್ಲಿ ಐದು ಬಂದಿರುವುದರಿಂದ, ಹಳೆಯ ಕಚೇರಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವ ಪ್ರಸಂಗ ಸುಲಭವಾಗಿ ಬರುತ್ತದೆ.

ಕಾಯ್ದೆ ಏನನ್ನು ಕೇಳುತ್ತದೆ

ಅಳೆಯುವ ಮೊದಲು ಕನಿಷ್ಠ ಮಟ್ಟ ಯಾವುದೆಂದು ತಿಳಿದಿರಬೇಕು. ಕಾಯ್ದೆಯ 13ನೇ ಪ್ರಕರಣದಂತೆ (ಸೆಕ್ಷನ್) ಸರ್ಕಾರದ ತಾತ್ಕಾಲಿಕ ಒಪ್ಪಿಗೆ ಪಡೆದ ಕರಡನ್ನು ಪ್ರಾಧಿಕಾರ ಅಧಿಸೂಚನೆಯ ಮೂಲಕ ಪ್ರಕಟಿಸಬೇಕು. 60 ದಿನಗಳ ಒಳಗೆ ಸಾರ್ವಜನಿಕರು ಲಿಖಿತವಾಗಿ ಸಲ್ಲಿಸಿದ್ದನ್ನು ಪರಿಗಣಿಸಬೇಕು. ಬೇಕಾದ ಮಾರ್ಪಾಡುಗಳ ಶಿಫಾರಸಿನೊಂದಿಗೆ ಮತ್ತೆ ಸರ್ಕಾರಕ್ಕೆ ಕಳುಹಿಸಬೇಕು. ಅಂತಿಮ ಒಪ್ಪಿಗೆ ಸರ್ಕಾರದ್ದು. ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಜನರಿಗೆ ಅವಕಾಶ ಸಿಗುವುದು ಕರಡು ಸಿದ್ಧವಾಗಿ, ಅದಕ್ಕೆ ಸರ್ಕಾರದ ಮೊದಲ ಮುದ್ರೆಯೂ ಬಿದ್ದ ಬಳಿಕ. ಎರಡನೆಯದಾಗಿ, ‘ಪರಿಗಣಿಸಬೇಕು’ ಎಂದಿದೆಯೇ ಹೊರತು ಪ್ರತಿಯೊಬ್ಬರಿಗೂ ಉತ್ತರ ಕೊಡಬೇಕೆಂದಾಗಲಿ, ಕರೆದು ಕೇಳಬೇಕೆಂದಾಗಲಿ ಆ ಪ್ರಕರಣ ವಿಧಿಸುವುದಿಲ್ಲ. ಹೀಗಾಗಿ ಕಾಯ್ದೆಯನ್ನು ಚಾಚೂ ತಪ್ಪದೆ ಪಾಲಿಸಿಯೂ ಪಾಲ್ಗೊಳ್ಳುವಿಕೆ ಶೂನ್ಯವಾಗಿರಲು ಸಾಧ್ಯ. ನಿಮ್ಮ ವರದಿಯಲ್ಲಿ ‘ಕಾನೂನಿನಂತೆ ನಡೆದಿದೆಯೇ’ ಮತ್ತು ‘ಅರ್ಥಪೂರ್ಣವಾಗಿತ್ತೇ’ ಎಂಬ ಎರಡು ತೀರ್ಮಾನಗಳನ್ನು ಬೇರೆ ಬೇರೆಯಾಗಿಯೇ ಬರೆಯಬೇಕು. ಬೆರೆಸಿದರೆ ಅಧಿಕಾರಿಗಳು ಮೊದಲನೆಯದನ್ನು ತೋರಿಸಿ ಎರಡನೆಯದರಿಂದ ನುಣುಚಿಕೊಳ್ಳುತ್ತಾರೆ.

ವಾರ್ಡ್ ಸಮಿತಿಯನ್ನು ಅಳೆಯುವುದಾದರೆ ಆಧಾರ ಬೇರೆ. 1993ರ ಜೂನ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದಿತು. ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, ಹಲವು ವರ್ಷ ಚುನಾವಣೆಯೇ ನಡೆಯಲಿಲ್ಲ. ಆ ಕಾಲದ ಸಭೆಗಳನ್ನು ಚುನಾಯಿತ ಸದಸ್ಯರಿದ್ದ ಕಾಲದ ಸಭೆಗಳೊಂದಿಗೆ ಹೋಲಿಸುವಾಗ, ಅಧ್ಯಕ್ಷರ ಕುರ್ಚಿಯಲ್ಲಿ ಮತದಾರರಿಗೆ ಉತ್ತರಿಸಬೇಕಾದವರು ಇದ್ದರೋ ಇಲ್ಲವೋ ಎಂಬುದನ್ನು ಮರೆಯಬಾರದು.

ದಾಖಲೆ ಕಲೆಹಾಕುವುದು

ಕೆಲಸದ ಅರ್ಧ ಭಾಗ ಇದೇ. ಕರಡಿನ ಪ್ರತಿ, ಅಂತಿಮ ಪ್ರತಿ, ಎರಡರ ನಕ್ಷೆಗಳು, ವಲಯ ನಿಯಮಾವಳಿ, ಅಧಿಸೂಚನೆ, ಪತ್ರಿಕಾ ಪ್ರಕಟಣೆಗಳು, ಆಕ್ಷೇಪಣೆಗಳ ವಹಿ, ಅವನ್ನು ಪರಿಶೀಲಿಸಿದ ಸಮಿತಿಯ ನಡಾವಳಿ, ಕಡತದ ಟಿಪ್ಪಣಿ ಹಾಳೆಗಳು ಬೇಕು. ಕರಡು ಜಾಲತಾಣದಲ್ಲಿ ಇರುವಾಗಲೇ ಇಳಿಸಿಟ್ಟುಕೊಳ್ಳಿ. ಅಂತಿಮ ಪ್ರತಿ ಬಂದ ಮೇಲೆ ಹಳೆಯ ಕೊಂಡಿ ಹಾಗೆಯೇ ಉಳಿದಿರುತ್ತದೆಂಬ ಖಾತ್ರಿಯಿಲ್ಲ.

ಉಳಿದವಕ್ಕೆ ಮಾಹಿತಿ ಹಕ್ಕು ಅರ್ಜಿಯೇ ದಾರಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದಗಳನ್ನು ಮೀರಬಾರದು, ಶುಲ್ಕ 10 ರೂಪಾಯಿ. ಆದ್ದರಿಂದ ವಹಿಗೆ ಒಂದು, ನಡಾವಳಿಗೆ ಒಂದು, ಟಿಪ್ಪಣಿ ಹಾಳೆಗಳಿಗೆ ಒಂದು ಎಂದು ಬಿಡಿಸಿ ಹಾಕಿ. ‘ಯೋಜನೆಗೆ ಸಂಬಂಧಿಸಿದ ಎಲ್ಲ ಮಾಹಿತಿ’ ಎಂದು ಕೇಳಿದರೆ ‘ಅರ್ಜಿ ಸ್ಪಷ್ಟವಾಗಿಲ್ಲ’ ಎಂಬ ಹಿಂಬರಹವೇ ಬರುವುದು. ಆಕ್ಷೇಪಣೆ ಸಲ್ಲಿಸಿದವರ ಹೆಸರು, ವಿಳಾಸ, ಫೋನ್ ನಂಬರ್ ನಿಮಗೆ ಬೇಕಿಲ್ಲ. ಅವುಗಳನ್ನು ತೆಗೆದು ಉಳಿದ ಭಾಗ ಕೊಡಿ ಎಂದು ಅಧಿನಿಯಮದ 10ನೇ ಪ್ರಕರಣವನ್ನು ಉಲ್ಲೇಖಿಸಿ ಮೊದಲೇ ಬರೆದರೆ, ಖಾಸಗಿತನದ ನೆಪದಲ್ಲಿ ಇಡೀ ವಹಿಯನ್ನು ತಡೆಹಿಡಿಯುವುದು ಕಷ್ಟವಾಗುತ್ತದೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಿ. ಪ್ರತಿಗಳಿಗಿಂತ ಕಡತ ಪರಿಶೀಲನೆಗೆ ಅವಕಾಶ ಕೇಳುವುದು ಎಷ್ಟೋ ಸಲ ಲೇಸು, ಏಕೆಂದರೆ ಪೆನ್ಸಿಲಿನಲ್ಲಿ ಅಂಚಿಗೆ ಬರೆದ ಷರಾ ಜೆರಾಕ್ಸಿನಲ್ಲಿ ಮಸುಕಾಗಿ ಹೋಗಿರುತ್ತದೆ.

ದಿನಾಂಕಗಳನ್ನು ಒಂದರ ಕೆಳಗೊಂದು ಬರೆಯಿರಿ

ಇದು ಒಂದು ಹಾಳೆಯ ಕೆಲಸ, ಆದರೆ ಇದರಿಂದ ಗೊತ್ತಾಗುವಷ್ಟು ಬೇರೆ ಯಾವುದರಿಂದಲೂ ಇಷ್ಟು ಬೇಗ ಗೊತ್ತಾಗುವುದಿಲ್ಲ. ಕರಡು ಪ್ರಕಟವಾದ ದಿನ, ಆಕ್ಷೇಪಣೆಯ ಕೊನೆಯ ದಿನ, ಸಭೆಗಳ ದಿನ, ಟೆಂಡರ್ ಕರೆದ ದಿನ, ಸಚಿವ ಸಂಪುಟದ ಒಪ್ಪಿಗೆ, ಕಾಮಗಾರಿ ಆದೇಶ: ಎಲ್ಲವನ್ನೂ ಸಾಲಾಗಿ ಇಡಿ. ಅಭಿಪ್ರಾಯ ಕೇಳಿದ್ದು ಟೆಂಡರ್‌ನ ನಂತರವಾಗಿದ್ದರೆ, ಮುಂದಿನ ಪುಟಗಳನ್ನು ಬರೆಯುವ ಮೊದಲೇ ಅರ್ಧ ತೀರ್ಮಾನ ಸಿಕ್ಕಂತಾಯಿತು.

ಬೆಂಗಳೂರಿನ ಉಕ್ಕಿನ ಮೇಲ್ಸೇತುವೆಯ ಪ್ರಕರಣವನ್ನು ಈ ದೃಷ್ಟಿಯಿಂದ ನೋಡಬಹುದು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ, ಸುಮಾರು 1,800 ಕೋಟಿ ರೂಪಾಯಿ ವೆಚ್ಚದ ಈ ಯೋಜನೆಗೆ ಸಚಿವ ಸಂಪುಟ 2016ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸಾರ್ವಜನಿಕರು ಬೆಂಬಲಿಸಿದ್ದಾರೆ ಎನ್ನಲು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಮುಂದಿಟ್ಟಿದ್ದು ಕೆಲವೇ ನೂರು ಪ್ರತಿಕ್ರಿಯೆಗಳ ಶೇಕಡಾವಾರು ಲೆಕ್ಕವನ್ನು. ಕೋಟಿಯ ಆಸುಪಾಸು ಜನರಿರುವ ಊರಿನಲ್ಲಿ ಅಷ್ಟು ಪ್ರತಿಕ್ರಿಯೆಗಳನ್ನು ಶೇಕಡಾವಾರಿಗೆ ಇಳಿಸಿದಾಗ ಅಂಕಿ ಗಟ್ಟಿಯಾಗಿ ಕಾಣಿಸುತ್ತದೆ, ಛೇದದಲ್ಲಿ ಏನಿದೆ ಎಂಬುದು ಮರೆಯಾಗುತ್ತದೆ. ಅಕ್ಟೋಬರ್ 16ರಂದು ಸಾವಿರಾರು ಜನ ಮಾನವ ಸರಪಳಿ ರಚಿಸಿದರು, ವ್ಯಾಜ್ಯಗಳು ಹೂಡಲ್ಪಟ್ಟವು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಕಚೇರಿಯ ದಾಖಲೆಯನ್ನಷ್ಟೇ ನೋಡುವ ಮೌಲ್ಯಮಾಪಕನಿಗೆ ಇಲ್ಲಿ ಜನಬೆಂಬಲ ಕಾಣಿಸುತ್ತದೆ. ಬೀದಿಯನ್ನೂ ನ್ಯಾಯಾಲಯವನ್ನೂ ಸೇರಿಸಿಕೊಂಡವನಿಗೆ ತದ್ವಿರುದ್ಧವಾದದ್ದು ಕಾಣಿಸುತ್ತದೆ. ಆದ್ದರಿಂದ ನಿಮ್ಮ ದಿನಾಂಕಗಳ ಪಟ್ಟಿಯಲ್ಲಿ ಪ್ರತಿಭಟನೆ, ರಿಟ್ ಅರ್ಜಿ, ಪತ್ರಿಕೆಗಳಲ್ಲಿ ಬಂದ ಬಹಿರಂಗ ಪತ್ರ ಇವಕ್ಕೂ ಸಾಲು ಇರಲಿ. ಜನ ಬೀದಿಗೆ ಬಂದರು ಎಂದರೆ ಪಾಲ್ಗೊಳ್ಳುವಿಕೆ ಚೆನ್ನಾಗಿತ್ತು ಎಂದು ಬರೆಯುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ಅಧಿಕೃತ ದಾರಿ ಮುಚ್ಚಿತ್ತು ಎಂಬುದಕ್ಕೆ ಸಾಕ್ಷಿ.

ಯಾರು ಬಂದರು, ಯಾರು ಬರಲಿಲ್ಲ

ಹಾಜರಿ ಪುಸ್ತಕದಿಂದ ಹೆಂಗಸರೆಷ್ಟು, ಗಂಡಸರೆಷ್ಟು ಎಂದು ಎಣಿಸುವುದು ಆರಂಭ ಮಾತ್ರ. ಆ ಯೋಜನೆಯಿಂದ ಬದುಕು ಹೆಚ್ಚು ಅಲುಗಾಡುವವರು ಯಾರು ಎಂದು ಮೊದಲು ಪಟ್ಟಿ ಮಾಡಿ, ಅವರಲ್ಲಿ ಎಷ್ಟು ಮಂದಿಯ ಮಾತು ದಾಖಲೆಗೆ ಬಂದಿದೆ ಎಂದು ಹುಡುಕಬೇಕು. ರಸ್ತೆ ಅಗಲೀಕರಣವಾದರೆ ಮನೆ ಮಾಲೀಕರ ಹತ್ತು ಅರ್ಜಿಗಳಿರುತ್ತವೆ. ಅದೇ ಮನೆಗಳ ಬಾಡಿಗೆದಾರರದು, ಎದುರಿನ ತಳ್ಳುಗಾಡಿಯವರದು ಒಂದೂ ಇರುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನಗಳನ್ನು ವ್ಯಾಪಾರಿಗಳಿಗೇ ಮೀಸಲಿಟ್ಟಿದೆ. ಆ ಸಮಿತಿಗೆ ಕರಡನ್ನು ಕಳುಹಿಸಲಾಗಿತ್ತೇ ಎಂಬ ಒಂದು ಪ್ರಶ್ನೆ ಹಾಕಿ ನೋಡಿ, ಕಚೇರಿಗೆ ಆ ಸಮಿತಿಯ ನೆನಪಿದೆಯೋ ಇಲ್ಲವೋ ತಿಳಿಯುತ್ತದೆ.

ಹೋಲಿಕೆಗೆ ಜನಗಣತಿ ಬೇಕು, ಅಲ್ಲೊಂದು ತೊಡಕಿದೆ. ಬೆಂಗಳೂರಿನ 2011ರ ಜನಗಣತಿಯ ಅಂಕಿಗಳು ಆಗಿನ 198 ವಾರ್ಡುಗಳಿಗೆ ಸೇರಿದವು. ಆ ಬಳಿಕ ಗಡಿಗಳು ಒಂದಕ್ಕಿಂತ ಹೆಚ್ಚು ಬಾರಿ ಬದಲಾಗಿವೆ. ಹೆಸರು ಒಂದೇ ಎಂದು ಹಳೆಯ ವಾರ್ಡಿನ ಅಂಕಿಯನ್ನು ಹೊಸ ವಾರ್ಡಿಗೆ ಅಂಟಿಸಬೇಡಿ. ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಮತಗಟ್ಟೆವಾರು ಮತದಾರರ ಪಟ್ಟಿ ಹೆಚ್ಚು ಹೊಸದು, ಆದರೆ ವಲಸೆ ಬಂದವರು, ಬಾಡಿಗೆದಾರರು ಅದರಲ್ಲಿ ಕಡಿಮೆ ಕಾಣಿಸುತ್ತಾರೆ. ಅಂದರೆ ಸಭೆಗೆ ಬಾರದವರೇ ಛೇದದಲ್ಲೂ ಇರುವುದಿಲ್ಲ.

ಸಭೆಯ ಸಮಯ ಮತ್ತು ಜಾಗವನ್ನೂ ಬರೆದುಕೊಳ್ಳಿ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಕೇಂದ್ರ ಕಚೇರಿಯಲ್ಲಿ ಸಭೆ ಇಟ್ಟರೆ ನಿವೃತ್ತರು ಬರುತ್ತಾರೆ, ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳು ಬರುವುದಿಲ್ಲ. ನಕ್ಷೆ ಕನ್ನಡದಲ್ಲಿತ್ತೇ, ಸರ್ವೆ ನಂಬರ್ ಓದುವಷ್ಟು ದೊಡ್ಡದಾಗಿತ್ತೇ, ಮೊಬೈಲಿನಲ್ಲಿ ತೆರೆಯುವಂಥ ಕಡತವೇ ಎಂದು ಪರೀಕ್ಷಿಸಲು ಸುಲಭದ ಉಪಾಯವಿದೆ: ಆ ಪ್ರದೇಶದ ಐದಾರು ಜನರಿಗೆ ಕರಡು ಕೊಟ್ಟು, ‘ನಿಮ್ಮ ಮನೆಯನ್ನು ಇದರಲ್ಲಿ ತೋರಿಸಿ, ಅದಕ್ಕೆ ಯಾವ ಬಣ್ಣ ಹಚ್ಚಿದ್ದಾರೆ, ಅದರ ಅರ್ಥವೇನು ಹೇಳಿ’ ಎನ್ನಿ. ಹತ್ತು ನಿಮಿಷದಲ್ಲಿ ಉತ್ತರ ಬಾರದಿದ್ದರೆ 60 ದಿನಗಳ ಕಾಲಾವಕಾಶಕ್ಕೆ ಹೆಚ್ಚು ಬೆಲೆಯಿಲ್ಲ.

ಆಕ್ಷೇಪಣೆಯ ಜಾಡು

ಇಡೀ ಮೌಲ್ಯಮಾಪನದ ತಿರುಳು ಇಲ್ಲಿದೆ, ಸಮಯವನ್ನೂ ಇದಕ್ಕೇ ಹೆಚ್ಚು ಮೀಸಲಿಡಿ. ಬಂದ ಆಕ್ಷೇಪಣೆಗಳಲ್ಲಿ ಒಂದು ಮಾದರಿಯನ್ನು ಆರಿಸಿ, ಒಂದೊಂದೂ ವಹಿಯಿಂದ ಸಮಿತಿಗೆ, ಸಮಿತಿಯಿಂದ ಶಿಫಾರಸಿಗೆ, ಶಿಫಾರಸಿನಿಂದ ಅಂತಿಮ ನಕ್ಷೆಗೆ ಹೇಗೆ ಹೋಯಿತು ಅಥವಾ ಎಲ್ಲಿ ನಿಂತುಹೋಯಿತು ಎಂದು ಹಿಂಬಾಲಿಸಬೇಕು.

ಹತ್ತು ಸಾವಿರ ಆಕ್ಷೇಪಣೆಗಳಿದ್ದರೆ ವಹಿಯ ಪ್ರತಿ ಐವತ್ತನೆಯದನ್ನು ತೆಗೆದುಕೊಂಡರೆ ಇನ್ನೂರು ಸಿಗುತ್ತವೆ. ಇಬ್ಬರು ಮೂವರು ಕೂತು ಮಾಡುವುದಕ್ಕೆ ಅಷ್ಟು ಸಾಕು. ಆದರೆ ಹೊರವಲಯದ ಹಳ್ಳಿಗಳಿಂದ ಬಂದವು ತೀರ ಕಡಿಮೆ ಇದ್ದರೆ ಅವನ್ನು ಪೂರ್ತಿಯಾಗಿ ಸೇರಿಸಿಕೊಳ್ಳಿ, ಮತ್ತು ಹಾಗೆ ಮಾಡಿದ್ದನ್ನು ವರದಿಯಲ್ಲಿ ಹೇಳಿ. ಒಂದೇ ಒಕ್ಕಣೆಯ ಅಚ್ಚಾದ ಪತ್ರಕ್ಕೆ ಐನೂರು ಸಹಿ ಇದ್ದಾಗ ಅದನ್ನು ಐನೂರು ಎಂದು ಎಣಿಸಬೇಕೋ ಒಂದು ಎಂದೋ ಎಂಬ ಜಗಳ ಎಲ್ಲ ಕಡೆಯೂ ಇದ್ದದ್ದೇ. ವಾದವಾಗಿ ಒಂದು, ಬೆಂಬಲವಾಗಿ ಐನೂರು ಎಂದು ಎರಡು ಕಲಂಗಳಲ್ಲಿ ಬರೆದರೆ ಆಯಿತು. ಅಚ್ಚಾದ ಪತ್ರವೆಂದು ತಳ್ಳಿಹಾಕುವ ಕಚೇರಿಯ ಚಾಳಿಯನ್ನು ನಾವು ಅನುಸರಿಸಬೇಕಿಲ್ಲ. ಬರೆಯಲು ಬಾರದವರು ಸಹಿ ಹಾಕಿಯೇ ಮಾತಾಡುತ್ತಾರೆ.

ಪ್ರತಿ ಆಕ್ಷೇಪಣೆಗೂ ಒಂದು ಗತಿಯನ್ನು ನಮೂದಿಸಿ: ಒಪ್ಪಿದ್ದು, ಭಾಗಶಃ ಒಪ್ಪಿದ್ದು, ಕಾರಣ ಕೊಟ್ಟು ತಿರಸ್ಕರಿಸಿದ್ದು, ಕಾರಣ ಕೊಡದೆ ತಿರಸ್ಕರಿಸಿದ್ದು, ಉತ್ತರವೇ ಇಲ್ಲದ್ದು. ‘ಗಮನಿಸಲಾಗಿದೆ’, ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಒಕ್ಕಣೆಗಳು ಯಾವ ಗುಂಪಿಗೆ ಸೇರುತ್ತವೆ ಎಂದು ಕೆಲಸ ಆರಂಭಿಸುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಪರಿಶೀಲನೆ ನಡೆದ ಗುರುತು ಕಡತದ ಮುಂದಿನ ಹಾಳೆಯಲ್ಲಿ ಇಲ್ಲದಿದ್ದರೆ ನಾನು ಅವನ್ನು ಉತ್ತರವಿಲ್ಲದ್ದು ಎಂದೇ ಎಣಿಸುತ್ತೇನೆ. ಕಾರಣ ಕೊಟ್ಟು ತಿರಸ್ಕರಿಸಿದ್ದನ್ನು ಸೋಲು ಎಂದು ಬರೆಯಬೇಡಿ. ಕೆರೆಯಂಗಳವನ್ನು ವಸತಿ ವಲಯವಾಗಿಸಿ ಎಂಬ ಕೋರಿಕೆಯೂ ಆಕ್ಷೇಪಣೆಯ ರೂಪದಲ್ಲೇ ಬರುತ್ತದೆ; ಅದನ್ನು ಕಾರಣಸಹಿತ ತಳ್ಳಿದ ಪ್ರಾಧಿಕಾರ ತನ್ನ ಕೆಲಸ ಮಾಡಿದೆ.

ಗತಿಯನ್ನು ನಡಾವಳಿ ನೋಡಿ ಮಾತ್ರ ನಿರ್ಧರಿಸದೆ ನಕ್ಷೆಯನ್ನೂ ನೋಡಬೇಕು ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ. ಆಕ್ಷೇಪಣೆ: ‘ನಮ್ಮ ರಸ್ತೆಯನ್ನು ಕರಡಿನಲ್ಲಿ 18 ಮೀಟರ್ ಎಂದು ತೋರಿಸಲಾಗಿದೆ, ಸ್ಥಳದಲ್ಲಿ ಇರುವುದು 9 ಮೀಟರ್, ಇಕ್ಕೆಲದ ನಲವತ್ತು ಮನೆಗಳಿಗೆ ಹಾನಿಯಾಗುತ್ತದೆ.’ ಸಮಿತಿಯ ನಡಾವಳಿ: ‘ಸಂಚಾರ ಜಾಲದ ಅಗತ್ಯಕ್ಕೆ ಅನುಗುಣವಾಗಿದ್ದು, ಕೋರಿಕೆಯನ್ನು ಒಪ್ಪಲು ಬರುವುದಿಲ್ಲ.’ ಅಂತಿಮ ನಕ್ಷೆ: 12 ಮೀಟರ್. ಕಾಗದದಲ್ಲಿ ತಿರಸ್ಕಾರ, ನಕ್ಷೆಯಲ್ಲಿ ಭಾಗಶಃ ಒಪ್ಪಿಗೆ. ಹೀಗಾಗುವುದು ಅಸಂಭವವೇನಲ್ಲ. ನಡುವೆ ಶಾಸಕರ ಪತ್ರ ಬಂದಿರಬಹುದು, ಯಾರೋ ಎಂಜಿನಿಯರ್ ಸ್ಥಳ ನೋಡಿ ತಿದ್ದಿರಬಹುದು, ಬೇರೊಂದು ಆಕ್ಷೇಪಣೆಯ ಫಲ ಇಲ್ಲಿಗೂ ತಗುಲಿರಬಹುದು. ಇಂಥ ಪ್ರತಿ ಪ್ರಕರಣವನ್ನೂ ಪ್ರತ್ಯೇಕವಾಗಿ ಗುರುತಿಸಿಟ್ಟುಕೊಳ್ಳಿ, ಯೋಜನೆ ನಿಜವಾಗಿ ಯಾವ ಬಾಗಿಲಿನಿಂದ ಬದಲಾಗುತ್ತದೆ ಎಂಬುದನ್ನು ಇವೇ ತೋರಿಸುತ್ತವೆ. ಇದಕ್ಕೆ ತದ್ವಿರುದ್ಧವಾದ ಪ್ರಕರಣಗಳೂ ಇರುತ್ತವೆ: ‘ಒಪ್ಪಿದೆ’ ಎಂಬ ಷರಾ ಇದ್ದರೂ ಅಂತಿಮ ನಕ್ಷೆಯಲ್ಲಿ ಗೆರೆ ಇದ್ದಲ್ಲೇ ಇರುತ್ತದೆ.

ಗುರುತು ಹಾಕುವ ಕೆಲಸವನ್ನು ಒಬ್ಬರೇ ಮಾಡಬಾರದು. ಮೊದಲ ಇಪ್ಪತ್ತನ್ನು ಇಬ್ಬರು ಬೇರೆ ಬೇರೆ ಕೂತು ಮಾಡಿ, ಎಲ್ಲೆಲ್ಲಿ ಭಿನ್ನವಾಯಿತು ಎಂದು ನೋಡಿ, ನಿಯಮಗಳನ್ನು ಬಿಗಿಮಾಡಿಕೊಂಡು ಮುಂದುವರಿಯಬೇಕು.

ಬದಲಾವಣೆ ಯಾರಿಂದ ಆಯಿತು

ಎರಡು ಪ್ರತಿಗಳ ನಡುವೆ ವ್ಯತ್ಯಾಸ ಕಂಡ ಮಾತ್ರಕ್ಕೆ ಅದು ಜನರ ಮಾತಿನ ಫಲ ಎನ್ನಲಾಗದು. ಬೆಂಗಳೂರಿನ ಕೆರೆ ಮತ್ತು ರಾಜಕಾಲುವೆಗಳ ಮೀಸಲು ಅಂಚನ್ನೇ (ಸುತ್ತ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ) ನೋಡಿ. ಕೆರೆಗೆ 30 ಮೀಟರ್ ಎಂದಿದ್ದುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್‌ಗೆ ಏರಿಸಿತು. ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ ಆದೇಶವನ್ನು ರದ್ದುಗೊಳಿಸಿತು. 2031ರವರೆಗಿನ ಪರಿಷ್ಕೃತ ಮಹಾಯೋಜನೆಯ ಕರಡು ಹೊರಬಂದದ್ದು 2017ರ ನವೆಂಬರ್‌ನಲ್ಲಿ, ಅಂದರೆ ಈ ಎರಡು ತೀರ್ಪುಗಳ ನಡುವೆ. ಅಂಚು ಹೆಚ್ಚಾಗಲಿ ಎಂದೂ ಕಡಿಮೆಯಾಗಲಿ ಎಂದೂ ಅರ್ಜಿ ಹಾಕಿದವರು ಎರಡೂ ಕಡೆ ಇರುತ್ತಾರೆ. ಅಂಕಿ ಬದಲಾದಾಗ ಆಯಾ ಕಡೆಯವರು ತಮ್ಮ ಗೆಲುವೆನ್ನುತ್ತಾರೆ. ಆದ್ದರಿಂದ ಪ್ರತಿ ಬದಲಾವಣೆಯ ಎದುರೂ ‘ಬೇರೆ ಕಾರಣ ಇರಬಹುದೇ’ ಎಂಬ ಒಂದು ಕಲಂ ಇಟ್ಟು, ಕೋರ್ಟ್ ಆದೇಶ, ಸರ್ಕಾರದ ನೀತಿ, ಹಣದ ಕೊರತೆ ಇವುಗಳನ್ನು ಪರಿಶೀಲಿಸಿಯೇ ಮುಂದೆ ಹೋಗಬೇಕು.

ಅದೇ ಕರಡು ಇನ್ನೊಂದು ಕಠಿಣ ಪ್ರಶ್ನೆಯನ್ನೂ ಒಡ್ಡುತ್ತದೆ. ಅದಕ್ಕೆ ಸಾವಿರಾರು ಆಕ್ಷೇಪಣೆಗಳು ಬಂದವು, 2020ರಲ್ಲಿ ಸರ್ಕಾರ ಇಡೀ ಕರಡನ್ನೇ ಹಿಂದೆಗೆದುಕೊಂಡಿತು, 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನ ಯೋಜನೆಯೇ ಅವಧಿ ಮುಗಿದರೂ ಮುಂದುವರಿಯಿತು. ಮುಂಬೈಯಲ್ಲಿ 2015ರಲ್ಲಿ ಪ್ರಕಟವಾದ ಅಭಿವೃದ್ಧಿ ಯೋಜನೆಯ ಕರಡು ತಪ್ಪುಗಳಿಂದ ತುಂಬಿದೆಯೆಂದು ಗದ್ದಲವೆದ್ದು, ಅದನ್ನು ಹಿಂಪಡೆದು ತಿದ್ದಿ, 2016ರಲ್ಲಿ ಮತ್ತೆ ಪ್ರಕಟಿಸಿ, 2018ರಲ್ಲಿ ಅಂತಿಮಗೊಳಿಸಿದರು. ಎರಡೂ ಕಡೆ ಕರಡು ಬಿದ್ದುಹೋಯಿತು. ಒಂದು ಕಡೆ ಆಕ್ಷೇಪಣೆಗಳು ತಿದ್ದುಪಡಿಗೆ ಸರಕಾದವು, ಇನ್ನೊಂದು ಕಡೆ ಕಡತದ ಕೋಣೆಯಲ್ಲಿ ಉಳಿದವು. ಯೋಜನೆ ನಿಂತದ್ದನ್ನು ಪಾಲ್ಗೊಳ್ಳುವಿಕೆಯ ಯಶಸ್ಸೆಂದು ಬರೆಯುವ ಮುನ್ನ, ಬಂದ ಸಲಹೆಗಳನ್ನು ಮುಂದಿನ ಕರಡಿನ ತಂಡಕ್ಕೆ ಯಾರಾದರೂ ಹಸ್ತಾಂತರಿಸಿದರೇ ಎಂದು ವಿಚಾರಿಸಿ.

ಜನರನ್ನು ಮಾತಾಡಿಸುವುದು

ಸಂದರ್ಶನದಲ್ಲಿ ‘ನಿಮಗೆ ತೃಪ್ತಿ ಇದೆಯೇ’ ಎಂದು ಕೇಳಿದರೆ ಸೌಜನ್ಯದ ಉತ್ತರ ಬರುತ್ತದೆ. ‘ಈ ಯೋಜನೆಯ ವಿಷಯ ನಿಮಗೆ ಯಾವಾಗ, ಯಾರಿಂದ ಗೊತ್ತಾಯಿತು’, ‘ಅರ್ಜಿ ಕೊಟ್ಟಾಗ ಸ್ವೀಕೃತಿ ಕೊಟ್ಟರೇ’, ‘ಆಮೇಲೆ ಏನಾದರೂ ಕಾಗದ ಬಂತೇ’ ಎಂದು ನಡೆದದ್ದನ್ನು ಕೇಳಬೇಕು. ಅರ್ಜಿ ಹಾಕಿದವರಷ್ಟೇ ಹಾಕದವರನ್ನೂ ಮಾತಾಡಿಸಿ. ಆಕ್ಷೇಪಣೆಗಳನ್ನು ಪರಿಶೀಲಿಸಿದ ಯೋಜನಾಧಿಕಾರಿಗಳನ್ನು ಬಿಡಬೇಡಿ. ಎಷ್ಟು ಅರ್ಜಿಗಳಿಗೆ ಎಷ್ಟು ಸಿಬ್ಬಂದಿ ಇದ್ದರು ಎಂಬ ಒಂದೇ ಉತ್ತರದಿಂದ ಹಲವು ‘ಗಮನಿಸಲಾಗಿದೆ’ಗಳ ಗುಟ್ಟು ತಿಳಿಯಬಹುದು.

ವರದಿ ಮತ್ತು ಅದರ ಸಮಯ

ಎಲ್ಲವನ್ನೂ ಕೂಡಿಸಿ ನೂರಕ್ಕೆ ಇಷ್ಟು ಅಂಕ ಎಂದು ಕೊಡುವ ಆಸೆ ಬರುತ್ತದೆ, ಪತ್ರಿಕೆಗಳಿಗೂ ಅದು ಇಷ್ಟ. ಕೊಡಬೇಡಿ. ಒಳ್ಳೆಯ ಪ್ರಚಾರಕ್ಕೆ ಸಿಕ್ಕ ಅಂಕ, ಉತ್ತರ ಕೊಡದ ತಪ್ಪನ್ನು ಮುಚ್ಚಿಬಿಡುತ್ತದೆ. ಇನ್ನೂರರಲ್ಲಿ ಎಷ್ಟಕ್ಕೆ ಕಾರಣಸಹಿತ ಉತ್ತರ ಸಿಕ್ಕಿತು, ಎಷ್ಟು ಬದಲಾವಣೆಗಳ ಮೂಲ ಆಕ್ಷೇಪಣೆಯೆಂದು ದಾಖಲೆಯಿಂದ ತೋರಿಸಬಹುದು, ಯಾವ ಗುಂಪಿನಿಂದ ಒಂದು ಅರ್ಜಿಯೂ ಇಲ್ಲ ಎಂಬುದನ್ನು ಬೇರೆ ಬೇರೆಯಾಗಿ, ಅಂಕಿಯೊಂದಿಗೆ ಬರೆಯಿರಿ. ಪ್ರಕಟಿಸುವ ಮೊದಲು ಕರಡು ವರದಿಯನ್ನು ಪ್ರಾಧಿಕಾರಕ್ಕೂ ಆಕ್ಷೇಪಣೆ ಹಾಕಿದವರಿಗೂ ಕೊಟ್ಟು, ಅವರ ಪ್ರತಿಕ್ರಿಯೆಯನ್ನು ಸೇರಿಸಿಕೊಳ್ಳಿ.

ಸಲ್ಲಿಸುವ ಸಮಯ ಮುಖ್ಯ. ಪ್ರಾಧಿಕಾರದ ಶಿಫಾರಸು ಸರ್ಕಾರಕ್ಕೆ ಹೋಗಿ ಅಂತಿಮ ಒಪ್ಪಿಗೆ ಬರುವ ಮುಂಚಿನ ಅವಧಿಯಲ್ಲಿ ವರದಿ ನಗರಾಭಿವೃದ್ಧಿ ಇಲಾಖೆಯ ಮೇಜಿನ ಮೇಲಿದ್ದರೆ ಅದನ್ನು ಓದಲು ಒಂದು ಕಾರಣವಿರುತ್ತದೆ. ಒಪ್ಪಿಗೆಯ ಅಧಿಸೂಚನೆ ಹೊರಬಿದ್ದ ಮೇಲೆ ಉಳಿಯುವುದು ನ್ಯಾಯಾಲಯ ಅಥವಾ ಮುಂದಿನ ಪರಿಷ್ಕರಣೆ. ಅಷ್ಟರೊಳಗೆ ಇಡೀ ಅಧ್ಯಯನ ಮುಗಿಯದಿದ್ದರೆ ದಿನಾಂಕಗಳ ಪಟ್ಟಿ ಮತ್ತು ಮೊದಲ ಐವತ್ತು ಆಕ್ಷೇಪಣೆಗಳ ಗತಿಯನ್ನಾದರೂ ಮಧ್ಯಂತರ ವರದಿಯಾಗಿ ಸಲ್ಲಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.